ಚೀಟಿ ಮೊದಲು, ಕವರು ಆಮೇಲೆ

ಮೊದಲ ಮಾತುಕತೆಯನ್ನು ಗೊತ್ತುಮಾಡಲು ಏಳು ವಾರ ಹಿಡಿಯಿತು. ದುಡಿದವರ ಮಾತುಗಳನ್ನು ಮುದ್ರಿಸಿಡುವ ನಮ್ಮ ಸಂಗ್ರಹದ ಕಡೆಯಿಂದ ಪತ್ರ ಹೋದದ್ದು ಬೀಗದಕ್ಕನ ಹೆಸರಿಗಲ್ಲ, ಅವಳ ಅತ್ತೆಯ ಹೆಸರಿಗೆ. ದೊಡ್ಡಾಸ್ಪತ್ರೆಯ ಎಕ್ಸ್‌ರೇ ಫಿಲ್ಮ್ ಕೋಣೆಯನ್ನು ಮೂವತ್ತೊಂದು ವರ್ಷ ನೋಡಿಕೊಂಡ ಆ ಹಿರಿಯ ಹೆಂಗಸು ಮೊದಲ ಪತ್ರಕ್ಕೆ ಉತ್ತರ ಕೊಡಲಿಲ್ಲ. ಎರಡನೆಯದಕ್ಕೆ ನಾಲ್ಕು ಸಾಲಿನ ಕಾರ್ಡು ಬಂತು: "ನನ್ನ ಕೆಲಸದಲ್ಲಿ ಹೇಳುವಂಥದ್ದೇನೂ ನಡೆಯಲಿಲ್ಲ. ಏನೂ ನಡೆಯದಂತೆ ನೋಡಿಕೊಳ್ಳುವುದೇ ನನ್ನ ಕೆಲಸವಾಗಿತ್ತು. ಕಥೆ ಬೇಕಿದ್ದರೆ ನನ್ನ ಸೊಸೆಯನ್ನು ಕೇಳಿ. ಅವಳು ಒಂದು ಸಲ ತಪ್ಪು ಮಾಡಿದ್ದಾಳೆ."

ಸೊಸೆ ದೂರವಾಣಿಯಲ್ಲಿ ನಕ್ಕಳು, ಆಗಲಿ ಎಂದಳು, ಮೂರು ಸಲ ಮುಂದಕ್ಕೆ ಹಾಕಿದಳು. ಕೊನೆಗೊಂದು ಶನಿವಾರ ಮಧ್ಯಾಹ್ನ ಅವರ ಮನೆಯ ಅಡುಗೆಕೋಣೆಯ ಮೇಜಿನ ಬಳಿ ಕೂರುವುದೆಂದಾಯಿತು. ಒಂದೇ ಷರತ್ತು. ಧ್ವನಿಮುದ್ರಣದ ಯಂತ್ರವನ್ನು ಚಾಲೂ ಮಾಡುವ ಮುನ್ನ ಯಾರ ಮಾತು, ಯಾವ ದಿನ, ಎಷ್ಟು ಹೊತ್ತಿಗೆ, ಯಾತಕ್ಕೆ ಎಂಬ ನಾಲ್ಕನ್ನೂ ಹಾಳೆಯ ಮೇಲೆ ಬರೆದಿರಬೇಕು.

"ಯಂತ್ರ ಆಮೇಲೆ. ಮೊದಲು ಚೀಟಿ ಬರೀರಿ," ಎಂದಳು.

ಒಳಗಿನ ಕೋಣೆಯಿಂದ ಅತ್ತೆಯ ದನಿ ಬಂತು: "ಬುದ್ಧಿ ಬಂದಿದೆ ನೋಡಿ. ತಡವಾಗಿ ಬಂದರೂ ಬಂತಲ್ಲ!"

ಆ ಬುದ್ಧಿ ಬಂದ ಬಗೆಯನ್ನು ಮೂರು ಕೂಟಗಳಲ್ಲಿ ಅವಳು ಹೇಳಿದಂತೆ ಇಲ್ಲಿ ಬರೆದಿದೆ.

ಬೀಗದಕ್ಕ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಆಸ್ಪತ್ರೆಗೆ ಸೇರಿದಾಗ ಅವಳಿಗೆ ಆ ಅಡ್ಡಹೆಸರು ಇರಲಿಲ್ಲ, ಗಣಕಯಂತ್ರವೂ ಇರಲಿಲ್ಲ. ಇದ್ದದ್ದು ನೆಲಮಾಳಿಗೆಯ ಉದ್ದನೆಯ ಕೋಣೆ, ಹದಿನಾಲ್ಕು ಸಾಲು ಕಬ್ಬಿಣದ ಕಪಾಟು, ಒಂದು ಕಾಲು ಗಿಡ್ಡವಾದ ಏಣಿ, ಮೂಗಿಗೆ ಹುಳಿಹುಳಿಯಾಗಿ ಹೊಡೆಯುವ ಫಿಲ್ಮಿನ ವಾಸನೆ. ಪ್ರತಿ ರೋಗಿಗೂ ಒಂದು ಕಂದು ಕವರು, ಕವರಿನ ಮೂಲೆಯಲ್ಲಿ ಸಂಖ್ಯೆ. ವೈದ್ಯರು ಕೇಳಿದಾಗ ಕವರನ್ನು ಕಪಾಟಿನಿಂದ ತೆಗೆದು ಕೊಡಬೇಕು, ಹಿಂದಿರುಗಿದಾಗ ಅದೇ ಜಾಗಕ್ಕೆ ಸೇರಿಸಬೇಕು. ಕೇಳಲು ಮಕ್ಕಳಾಟದಂತಿತ್ತು.

ಕೋಣೆಯ ಮೇಲ್ವಿಚಾರಕಿ ಮೊದಲ ದಿನವೇ ಅವಳ ಕೈಗೆ ಹಸಿರು ರಟ್ಟಿನ ಚೀಟಿಗಳ ಕಟ್ಟೊಂದನ್ನು ಕೊಟ್ಟಳು. ಕವರು ಹೊರಗೆ ಹೋದಾಗ ಅದರ ಜಾಗದಲ್ಲಿ ನಿಲ್ಲುವ ಚೀಟಿಗಳವು. ಯಾರು ಒಯ್ದರು, ಯಾವಾಗ, ಯಾಕೆ ಎಂಬುದು ಅದರ ಮೇಲಿರಬೇಕು.

"ಕವರು ತೆಗೆದು ಆಮೇಲೆ ಚೀಟಿ ಇಡ್ತೀಯಾ, ಚೀಟಿ ಇಟ್ಟು ಆಮೇಲೆ ಕವರು ತೆಗೀತೀಯಾ?" ಮೇಲ್ವಿಚಾರಕಿ ಕೇಳಿದಳು.

"ಎರಡೂ ಒಂದೇ ಅಲ್ವಾ ಮೇಡಂ?"

"ಒಂದೇ ಅಲ್ಲ ತಾಯಿ. ಕವರು ಕೈಗೆ ಬಂದ ಕ್ಷಣದಲ್ಲೇ ಯಾರೋ ಕೂಗ್ತಾರೆ, ನೀನು ಓಡ್ತೀಯ. ಜಾಗ ಖಾಲಿ, ಚೀಟಿ ಇಲ್ಲ. ಆಮೇಲೆ ಆ ಖಾಲಿ ಜಾಗ ಏನು ಹೇಳುತ್ತೆ? ಏನೂ ಹೇಳಲ್ಲ. ಅದರ ಪರವಾಗಿ ಊರೆಲ್ಲ ಹೇಳುತ್ತೆ."

ಚೀಟಿ ಮೊದಲು, ಕವರು ಆಮೇಲೆ. ವರ್ಷವಿಡೀ ಈ ಮಾತನ್ನು ಕೇಳಿ ಕೇಳಿ ಬೀಗದಕ್ಕನ ಕಿವಿ ತೂತಾಯಿತು. ಮೇಲ್ವಿಚಾರಕಿಯ ಮಗ ಅಮ್ಮನಿಗೆ ಊಟದ ಡಬ್ಬಿ ತರುತ್ತಿದ್ದ. ಎರಡನೆಯ ವರ್ಷದಲ್ಲಿ ಅವನು ಡಬ್ಬಿ ಕೊಟ್ಟ ಮೇಲೂ ಹೋಗದೆ ಏಣಿಯ ಗಿಡ್ಡ ಕಾಲಿಗೆ ಮರದ ತುಂಡು ಹೊಡೆಯುತ್ತ, ಇಲ್ಲದ ರಿಪೇರಿಗಳನ್ನು ಹುಡುಕುತ್ತ ನಿಂತದ್ದನ್ನು ಆಕೆ ಗಮನಿಸಿದಳು. ಒಂದು ದಿನ ಹಸಿರು ಚೀಟಿಯೊಂದನ್ನು ಬೀಗದಕ್ಕನ ಮುಂದಿಟ್ಟು, "ನನ್ನ ಮಗನನ್ನ ಕರ್ಕೊಂಡು ಹೋಗೋದಾದರೆ ಹೋಗು. ಆದರೆ ಮೊದಲು ಇದನ್ನ ತುಂಬು," ಎಂದಳು. ಕಾರಣ ಎಂಬಲ್ಲಿ ಬೀಗದಕ್ಕ ಏನು ಬರೆದಳೆಂಬುದನ್ನು ಇಬ್ಬರೂ ಇಂದಿಗೂ ಹೇಳಿಲ್ಲ. ಚೀಟಿ ಮಾತ್ರ ಅತ್ತೆಯ ಪೆಟ್ಟಿಗೆಯಲ್ಲಿದೆ.

ಅತ್ತೆ ನಿವೃತ್ತಳಾದ ವರ್ಷವೇ ಫಿಲ್ಮುಗಳೂ ನಿವೃತ್ತವಾದವು. ಕಪಾಟುಗಳು ಹೋಗಿ ಅದೇ ಕೋಣೆಗೆ ತಣ್ಣನೆ ಗಾಳಿಯೂ ಗುಂಯ್‌ಗುಡುವ ಯಂತ್ರಗಳೂ ಬಂದವು. ಎಲುಬಿನ ಚಿತ್ರಗಳು ಇನ್ನು ಮುಂದೆ ಕಡತಗಳು. ಕಡತಗಳನ್ನು ಗುಂಪಾಗಿಟ್ಟ ಜಾಗಕ್ಕೆ ಪೆಟ್ಟಿಗೆ, ಒಂದು ವಿಭಾಗದ ಪೆಟ್ಟಿಗೆಗಳೆಲ್ಲ ಸೇರಿದರೆ ಕಪಾಟು ಎಂದು ಹಳೆಯ ಹೆಸರುಗಳೇ ಉಳಿದವು. ಬೀಗದಕ್ಕನನ್ನು ಆರು ತಿಂಗಳ ತರಬೇತಿಗೆ ಕಳಿಸಿದರು. ಶೆಲ್ ಸ್ಕ್ರಿಪ್ಟ್ ಎಂದರೆ ಗಣಕಕ್ಕೆ ಮಾಡಬೇಕಾದ ಕೆಲಸಗಳನ್ನು ಒಂದರ ಕೆಳಗೊಂದು ಬರೆದಿಟ್ಟ ಪಟ್ಟಿ ಎಂಬುದನ್ನು ಅಲ್ಲಿ ಕಲಿತಳು. ಜೊತೆಗೆ ಪ್ರತಿ ಕಡತಕ್ಕೂ ಎರಡು ಸಂಗತಿ ಅಂಟಿಕೊಂಡಿರುತ್ತವೆ ಎಂಬುದನ್ನೂ. ಒಂದು ಅನುಮತಿ: ಯಾರು ಓದಬಹುದು, ಯಾರು ತಿದ್ದಬಹುದು. ಇನ್ನೊಂದು ಮಾಲೀಕತ್ವ: ಕಡತ ಯಾರ ಹೆಸರಿನಲ್ಲಿದೆ. ಬಾಗಿಲು ತೆರೆದಿಡುವುದು ಬೇರೆ, ಮನೆಯನ್ನೇ ಇನ್ನೊಬ್ಬರ ಹೆಸರಿಗೆ ಬರೆಯುವುದು ಬೇರೆ ಎಂದು ಅವಳು ವೈದ್ಯರಿಗೆ ಬಿಡಿಸಿ ಹೇಳುತ್ತಿದ್ದಳು. ವೈದ್ಯರು ತಲೆಯಾಡಿಸಿ ಮರುದಿನ ಮರೆಯುತ್ತಿದ್ದರು.

ಹಸಿರು ಚೀಟಿಯ ಕೈ ಸುಮ್ಮನಿರಲಿಲ್ಲ. ಅನುಮತಿಯನ್ನಾಗಲಿ ಮಾಲೀಕತ್ವವನ್ನಾಗಲಿ ಯಾರೂ ನೇರವಾಗಿ ಬದಲಾಯಿಸದಂತೆ ಅವಳೊಂದು ಸ್ಕ್ರಿಪ್ಟ್ ಬರೆದಳು. ಅದರ ಮೂಲಕವೇ ಹೋಗಬೇಕು. ಅದು ಯಾವ ಕಡತ, ಮೊದಲು ಹೇಗಿತ್ತು, ಈಗ ಹೇಗಾಯಿತು, ಬದಲಾಯಿಸಿದವರು ಯಾರು ಎಂದು ದಿನಾಂಕ, ಗಂಟೆ, ನಿಮಿಷ, ಸೆಕೆಂಡಿನ ಸಮೇತ ದಾಖಲೆಯಲ್ಲಿ ಒಂದು ಸಾಲು ಬರೆಯುತ್ತಿತ್ತು. ಎಲ್ಲಕ್ಕೂ ಮೊದಲು "ಕಾರಣ?" ಎಂದು ಕೇಳುತ್ತಿತ್ತು. ಉತ್ತರ ಕೊಡದಿದ್ದರೆ ಅಲುಗಾಡುತ್ತಿರಲಿಲ್ಲ. ಬದಲಾಯಿಸುವ ಕೈಯೇ ದಾಖಲೆಯನ್ನೂ ಬರೆದರೆ ಕಳ್ಳನ ಕೈಗೆ ಬೀಗದಕೈ ಕೊಟ್ಟಂತೆ ಎಂದು, ದಾಖಲೆ ಬರೆಯುವುದಕ್ಕೆಂದೇ ಒಂದು ಪ್ರತ್ಯೇಕ ಖಾತೆ ಮಾಡಿದಳು. ಆ ಖಾತೆಗೆ ಬರೆಯುವುದೊಂದನ್ನು ಬಿಟ್ಟರೆ ಬೇರೆ ಅಧಿಕಾರವಿಲ್ಲ.

ಅಡ್ಡಹೆಸರು ಹುಟ್ಟಿದ್ದು ಆಗಲೇ. ಇಟ್ಟವನು ಎಲುಬಣ್ಣ.

ಎಲುಬಣ್ಣನೆಂದರೆ ಮೂಳೆ ವಿಭಾಗದ ಎಕ್ಸ್‌ರೇ ತಂತ್ರಜ್ಞ. ಹನ್ನೊಂದು ವರ್ಷದಿಂದ ತಾತ್ಕಾಲಿಕ ನೌಕರ. ಕೆಲಸ ಕಾಯಂ ಮಾಡುವ ಕಾಗದ ಅಧೀಕ್ಷಕರ ಮೇಜಿನ ಮೇಲೆ ಸಹಿಗೆ ಕಾಯುತ್ತಿತ್ತು. ಆಳು ಕಡ್ಡಿ, ಬಾಯಿ ಡೋಲು. "ಬೀಗದಕ್ಕಾ, ನಿನ್ನ ಸ್ಕ್ರಿಪ್ಟು ನನ್ನ ಹೆಂಡತಿಗಿಂತ ಹೆಚ್ಚು ಪ್ರಶ್ನೆ ಕೇಳುತ್ತೆ. ಅವಳು ಎಲ್ಲಿಗೆ ಅಂತ ಕೇಳ್ತಾಳೆ, ಇದು ಯಾಕೆ ಅಂತ ಕೇಳುತ್ತೆ," ಎನ್ನುತ್ತಿದ್ದ. ದಾಖಲೆಯಲ್ಲಿ ಅವನ ಕಾರಣಗಳೇ ಒಂದು ಪುಸ್ತಕವಾಗುವಷ್ಟಿದ್ದವು. "ಎಡ ಮೊಣಕಾಲು ಬಲ ಮೊಣಕಾಲಿನ ಮನೆಗೆ ಹೋಗಿ ಕೂತಿದೆ, ಕರೆತರಲು." "ಡಾಕ್ಟರು ಕೂಗುತ್ತಿದ್ದಾರೆ, ಕಿವಿ ಉಳಿಸಿಕೊಳ್ಳಲು." "ಬೀಗದಕ್ಕ ಕೇಳಿದ್ದಕ್ಕೆ." ಅವಳು ಬೈಯುತ್ತಿದ್ದಳು, ಒಬ್ಬಳೇ ಇದ್ದಾಗ ಓದಿ ನಗುತ್ತಿದ್ದಳು.

ದಾಖಲೆಯ ಬಗ್ಗೆ ಅವಳದೊಂದು ಮಾತಿತ್ತು: "ಬರೆದಿಲ್ಲ ಅಂದರೆ ಆಗಿಲ್ಲ." ಎಂಟು ವರ್ಷ ಆ ಮಾತು ಹುಸಿಯಾಗಲಿಲ್ಲ.

ಆ ಮಂಗಳವಾರ ಬೆಳಿಗ್ಗೆ ಒಂಬತ್ತೂಕಾಲಕ್ಕೆ ಮೂಳೆ ವಿಭಾಗದ ವೈದ್ಯರು ಚಿತ್ರ ತೆರೆಯಲು ಹೋದರು. ಪರದೆಯ ಮೇಲೆ "ಅನುಮತಿ ಇಲ್ಲ" ಎಂದು ಬಂತು. ಮತ್ತೊಂದು ತೆರೆದರು. ಅನುಮತಿ ಇಲ್ಲ. ಹತ್ತು ಗಂಟೆಯ ಹೊತ್ತಿಗೆ ಇಡೀ ವಿಭಾಗದ ಒಂದು ಚಿತ್ರವೂ ಯಾರಿಗೂ ಕಾಣದಂತಾಗಿತ್ತು. ಸೊಂಟದ ಶಸ್ತ್ರಚಿಕಿತ್ಸೆಗೆ ಸಿದ್ಧವಾಗಿದ್ದ ಮುದುಕರೊಬ್ಬರು ಹಿಂದಿನ ದಿನದಿಂದ ಉಪವಾಸವಿದ್ದು, ಹನಿ ನೀರೂ ಇಲ್ಲದೆ, ತಳ್ಳುಮಂಚದ ಮೇಲೆ ಮಲಗಿ ಕಾರಿಡಾರಿನ ದೀಪಗಳನ್ನು ಎಣಿಸುತ್ತಿದ್ದರು. ಅವರ ಮಗಳು ಕಂಡಕಂಡವರನ್ನೆಲ್ಲ, "ಇನ್ನೆಷ್ಟು ಹೊತ್ತು?" ಎಂದು ಕೇಳುತ್ತಿದ್ದಳು.

ಅಧೀಕ್ಷಕರು ತಾವೇ ನೆಲಮಾಳಿಗೆಗೆ ಇಳಿದುಬಂದರು. ಮೆಟ್ಟಿಲಿಳಿದರೆ ಮಂಡಿ ನೋಯುವ ಮನುಷ್ಯ ಇಳಿದು ಬಂದರೆಂದರೆ ಸಂಗತಿ ಸಣ್ಣದಲ್ಲ.

"ಏನಾಯಿತು? ಯಾರು ಮುಟ್ಟಿದರು?"

ಬೀಗದಕ್ಕ ದಾಖಲೆ ತೆರೆದಳು. ಕೊನೆಯ ಸಾಲು ಬೆಳಿಗ್ಗೆ 8:10ರದು. ಮೂಳೆ ವಿಭಾಗದ ಇಡೀ ಕಪಾಟಿಗೆ ತಿದ್ದುವ ಅನುಮತಿ. ಬದಲಾಯಿಸಿದವರು: ಎಲುಬಣ್ಣ. ಕಾರಣ: "ಸುಮ್ಮನೆ."

ಅಧೀಕ್ಷಕರು ಕನ್ನಡಕ ಏರಿಸಿ ಎರಡು ಸಲ ಓದಿದರು. "ಸುಮ್ಮನೆ? ಆಸ್ಪತ್ರೆಯ ಕಪಾಟನ್ನ ಸುಮ್ಮನೆ ತೆರೆಯೋದಾ? ಇದಾದ ಮೇಲೆ ಬೇರೆ ಯಾರಾದರೂ?"

"ಯಾರೂ ಇಲ್ಲ ಸಾರ್."

"ಒಂಬತ್ತಕ್ಕೆ ನಿಮ್ಮದೇ ಯಾವುದೋ ಸ್ಕ್ರಿಪ್ಟ್ ಓಡುತ್ತಲ್ಲ, ಮಂಗಳವಾರ ಮಂಗಳವಾರ?"

ಓಡುತ್ತಿತ್ತು. ಮೂರು ವರ್ಷಕ್ಕಿಂತ ಹಳೆಯ ಚಿತ್ರಗಳನ್ನು, ವಿಭಾಗದವರು ನೇರವಾಗಿ ತೆರೆಯಲಾಗದ ‘ಹಳೆ ಖಾತೆ’ಯ ಹೆಸರಿಗೆ ವರ್ಗಾಯಿಸುವ ಕೆಲಸ ಅದು. ಯಾವ ಯಾವ ಪೆಟ್ಟಿಗೆ ವರ್ಗವಾಗಬೇಕೆಂಬ ಪಟ್ಟಿಯನ್ನು ಅವಳು ಹಿಂದಿನ ಸಂಜೆಯೇ ಬರೆದಿಡುತ್ತಿದ್ದಳು. ದಾಖಲೆಯಲ್ಲಿ ಅದರ ಸಾಲು ಇರಲಿಲ್ಲ.

"ಅದು ಇವತ್ತು ಓಡಿಲ್ಲ ಸಾರ್. ಓಡಿದ್ದರೆ ಬರೆದಿರುತ್ತಿತ್ತು."

ಹೇಳಿದ ಮೇಲೆ ಮನಸ್ಸಿನಲ್ಲೊಂದು ಮುಳ್ಳು ಆಡಿತು. ಎಲುಬಣ್ಣ ಬದಲಾಯಿಸಿದ್ದು ಅನುಮತಿಯನ್ನು. ಈಗ ಕೆಟ್ಟಿರುವುದು ಮಾಲೀಕತ್ವ: ಚಿತ್ರಗಳೆಲ್ಲ ಹಳೆ ಖಾತೆಯ ಹೆಸರಿಗೆ ಹೋಗಿ ಕೂತಿವೆ. ಬಾಗಿಲು ತೆರೆದವನ ಮೇಲೆ ಮನೆ ಮಾರಿದ ಆರೋಪ. ಆದರೆ ಮೇಲಿನಿಂದ ಫೋನಿನ ಮೇಲೆ ಫೋನು ಬರುತ್ತಿತ್ತು. ಮುಳ್ಳನ್ನು ಆಮೇಲೆ ನೋಡೋಣವೆಂದು ಅವಳು ಚಿತ್ರಗಳನ್ನು ಒಂದೊಂದು ಪೆಟ್ಟಿಗೆಯಾಗಿ ಹಿಂದಿನ ಹೆಸರಿಗೆ ತರಲು ಕೂತಳು. ಮುಗಿದಾಗ ಮಧ್ಯಾಹ್ನ ಹನ್ನೆರಡು ಐವತ್ತು. ಮುದುಕರ ಶಸ್ತ್ರಚಿಕಿತ್ಸೆ ಮರುದಿನಕ್ಕೆ ಹೋಯಿತು. (ಮರುದಿನ ಸುಸೂತ್ರವಾಗಿ ನಡೆಯಿತೆಂಬುದನ್ನು ಅವಳು ಪ್ರತಿ ಕೂಟದಲ್ಲೂ ಒಮ್ಮೆ ಹೇಳಿದಳು.)

ಅಷ್ಟರಲ್ಲಿ ಎಲುಬಣ್ಣನಿಗೆ ಕಾಗದ ಹೋಗಿತ್ತು. ಗುರುವಾರ ಹನ್ನೊಂದಕ್ಕೆ ವಿಚಾರಣೆ, ಅಲ್ಲಿಯವರೆಗೆ ಕೆಲಸಕ್ಕೆ ಬರುವಂತಿಲ್ಲ. ತಪ್ಪು ಸಾಬೀತಾದರೆ ಕಾಯಂ ಆಗುವ ಮಾತಿರಲಿ, ಇದ್ದ ಕೆಲಸವೂ ಇಲ್ಲ. ಅವನು ನೆಲಮಾಳಿಗೆಯ ಬಾಗಿಲಲ್ಲಿ ನಿಂತು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡ. ಅವತ್ತು ತಮಾಷೆ ಬರಲಿಲ್ಲ.

"ಅಕ್ಕಾ, ಎಡ-ಬಲ ಅದಲುಬದಲಾಗಿದ್ದ ಒಂದು ಚಿತ್ರ ಸರಿಮಾಡಿದೆ. ಅಷ್ಟೇ. ಆ ಕಾರಣವನ್ನೇ ಸಾವಿರ ಸಲ ಬರೆದಿದ್ದೀನಿ, ಇವತ್ತು ಬೇಜಾರಾಗಿ ಸುಮ್ಮನೆ ಅಂತ ಬರೆದೆ."

"ದಾಖಲೆಯಲ್ಲಿ ನಿನ್ನ ಸಾಲೇ ಕೊನೇದು," ಎಂದಳು ಬೀಗದಕ್ಕ. ಅದಕ್ಕಿಂತ ಮೆತ್ತಗೆ ಹೇಳಲು ಅವಳಿಗೆ ಆಗಲಿಲ್ಲ.

ಅವತ್ತು ಸಂಜೆ ಮನೆಯಲ್ಲಿ ಅವಳು ತಟ್ಟೆಯ ಮುಂದೆ ಕೂತಳೇ ಹೊರತು ಕೈ ಬಾಯಿಗೆ ಹೋಗಲಿಲ್ಲ. ಗಂಡ ಕೇಳಿದ, ತಲೆನೋವೆಂದಳು. ಅತ್ತೆ ಕೇಳಲಿಲ್ಲ, ಕಾದಳು. ಪಾತ್ರೆಗಳು ಒಣಗಿದ ಮೇಲೆ ಬೀಗದಕ್ಕ ತಾನಾಗಿಯೇ ಎಲ್ಲವನ್ನೂ ಹೇಳಿದಳು. ಮುದುಕಿ ಗಣಕದ ಮಾತನ್ನೆಲ್ಲ ಬದಿಗೆ ಸರಿಸಿ ಒಂದೇ ಒಂದು ಕೇಳಿದಳು.

"ನಿನ್ನ ಸ್ಕ್ರಿಪ್ಟು ಇದೆಯಲ್ಲ. ಅದು ಚೀಟಿ ಮೊದಲು ಇಡುತ್ತೋ, ಕವರು ಮೊದಲು ತೆಗೆಯುತ್ತೋ?"



ಕಾರಣ ಕೇಳುವುದಿರಲಿ, ಮಂಗಳವಾರದ್ದಿರಲಿ, ಬೀಗದಕ್ಕನ ಎರಡೂ ಸ್ಕ್ರಿಪ್ಟುಗಳು ಮೊದಲು ಬದಲಾಯಿಸುತ್ತಿದ್ದವು, ಆಮೇಲೆ ಬರೆಯುತ್ತಿದ್ದವು. ಮರೆತು ಹಾಗೆ ಮಾಡಿದ್ದಲ್ಲ, ಯೋಚಿಸಿಯೇ ಮಾಡಿದ್ದು. ಬದಲಾವಣೆ ನಡುವೆ ಕೆಟ್ಟರೆ? ಆಗದೇ ಇದ್ದದ್ದನ್ನು ಆಯಿತೆಂದು ಬರೆದಂತಾಗುತ್ತದೆ, ದಾಖಲೆಯಲ್ಲಿ ಸುಳ್ಳಿರಬಾರದು. ಎಂಟು ವರ್ಷದ ಹಿಂದೆ ಈ ತರ್ಕ ಅವಳಿಗೆ ಎಷ್ಟು ಚೆಂದ ಕಂಡಿತ್ತೆಂದರೆ ಅತ್ತೆಗೆ ಹೇಳಲೂ ಹೋಗಿರಲಿಲ್ಲ.

"ನೀವು ಬಯ್ತೀರಿ," ಎಂದಳು.

"ಬಯ್ಸಿಕೊಳ್ಳೋ ವಯಸ್ಸು ನಿಂದಲ್ಲ, ಬಯ್ಯೋ ವಯಸ್ಸು ನಂದಲ್ಲ. ನಾಳೆ ಹೋಗಿ ಖಾಲಿ ಜಾಗ ನೋಡು."

ಬುಧವಾರ ಎಂಟು ಗಂಟೆಗೆ ಅವಳು ವಿಚಾರಣೆಗಾಗಿ ದಾಖಲೆಯ ಪ್ರತಿ ತೆಗೆಯಲು ಕೂತಳು. ಕೊನೆಯ ಸಾಲು ಹಾಗೆಯೇ ಇತ್ತು: 8:10, ಎಲುಬಣ್ಣ, ಸುಮ್ಮನೆ. ಪ್ರತಿ ತೆಗೆದು, ಹಾಳೆ ಮಡಚುವಾಗ ಕೈ ನಿಂತಿತು. ನಿನ್ನೆ ಮಧ್ಯಾಹ್ನದವರೆಗೆ ತಾನೇ ಕೂತು, ಕಾರಣ ಕೇಳುವ ಅದೇ ಸ್ಕ್ರಿಪ್ಟಿನ ಮೂಲಕ, ಪ್ರತಿ ಸಲ ಕಾರಣ ಕೊಟ್ಟು, ನೂರಾರು ಪೆಟ್ಟಿಗೆಗಳ ಮಾಲೀಕತ್ವ ಬದಲಾಯಿಸಿದ್ದಳಲ್ಲ? ಆ ಸಾಲುಗಳೆಲ್ಲಿ?

ಒಂದೂ ಇರಲಿಲ್ಲ.

ಬರೆದಿಲ್ಲ ಅಂದರೆ ಆಗಿಲ್ಲ. ಆದರೆ ಆಗಿತ್ತು, ಅವಳ ಬೆರಳುಗಳು ಇನ್ನೂ ನೋಯುತ್ತಿದ್ದವು. ದಾಖಲೆ ಮಂಗಳವಾರ ಬೆಳಿಗ್ಗೆಯೇ ಮೂಕವಾಗಿತ್ತು. ಮೂಕನ ಮೌನವನ್ನು ಅವಳು ಸಾಕ್ಷಿಯೆಂದು ಒಪ್ಪಿಸಿದ್ದಳು.

ಎಲ್ಲ ಕಡತಗಳ ಮಾಲೀಕತ್ವ ನೋಡುತ್ತಿದ್ದ ಹೆಂಗಸು ದಾಖಲೆಯ ಕಡತದ ಮಾಲೀಕರು ಯಾರೆಂದು ಅಂದು ಮೊದಲ ಸಲ ನೋಡಿದಳು. ಅದೂ ಹಳೆ ಖಾತೆಯ ಹೆಸರಿಗೆ ಹೋಗಿತ್ತು. ಹುಡುಕಲು ಸುಲಭವಾಗಲೆಂದು ಅವಳು ದಾಖಲೆಯನ್ನು ಚಿತ್ರಗಳಿದ್ದ ಕಪಾಟಿನಲ್ಲೇ ಇಟ್ಟಿದ್ದಳು. ಕಪಾಟಿನ ಜೊತೆ ಅದೂ ಪರರ ಪಾಲಾಗಿತ್ತು. ಬರೆಯುವ ಅಧಿಕಾರವೊಂದನ್ನೇ ಪಡೆದಿದ್ದ ಆ ಬಡಪಾಯಿ ಖಾತೆ ತನ್ನ ಪುಸ್ತಕಕ್ಕೆ ತಾನೇ ಹೊರಗಿನದಾಗಿತ್ತು. ಬರೆಯಲಾಗುತ್ತಿಲ್ಲವೆಂದು ಪ್ರತಿ ಸಲ ಗೊಣಗಿಯೂ ಇತ್ತು. ಆದರೆ ಸಣ್ಣಪುಟ್ಟ ಗೊಣಗಾಟಗಳಿಂದ ಪರದೆ ತುಂಬುತ್ತದೆಂದು ಅದನ್ನೆಲ್ಲ ಕಸಕ್ಕೆ ಹಾಕುವಂತೆ ಆಜ್ಞೆ ಬರೆದಿದ್ದವಳೂ ಅವಳೇ.

ಕಡತವೊಂದರ ಮಾಲೀಕತ್ವವೋ ಅನುಮತಿಯೋ ಕೊನೆಯ ಸಲ ಯಾವಾಗ ಬದಲಾಯಿತೆಂಬ ಹೊತ್ತನ್ನು ಯಂತ್ರ ತನ್ನಷ್ಟಕ್ಕೆ ಗುರುತಿಟ್ಟುಕೊಂಡಿರುತ್ತದೆ. ಚಿತ್ರಗಳನ್ನು ಅವಳು ರಿಪೇರಿ ಮಾಡಿದ್ದರಿಂದ ಅವುಗಳ ಗುರುತು ಅಳಿಸಿತ್ತು. ದಾಖಲೆಯ ಕಡತವನ್ನು ಯಾರೂ ಮುಟ್ಟಿರಲಿಲ್ಲ. ಅದರ ಗುರುತು: ಮಂಗಳವಾರ, ಬೆಳಿಗ್ಗೆ 9:00:07.

ಒಂಬತ್ತು ಗಂಟೆ ಏಳು ಸೆಕೆಂಡು. ಆ ಹೊತ್ತಿಗೆ ಎದ್ದು ಓಡುವುದು ಒಂದೇ ಒಂದು: ಮಂಗಳವಾರದ ವರ್ಗಾವಣೆ ಸ್ಕ್ರಿಪ್ಟು.

ಅವಳು ಸೋಮವಾರ ಸಂಜೆ ಬರೆದಿಟ್ಟ ಪಟ್ಟಿಯನ್ನು ತೆರೆದಳು. ಆರು ಪೆಟ್ಟಿಗೆಗಳ ಹೆಸರು ಸರಿಯಾಗಿದ್ದವು. ಆರನೆಯದರ ಕೆಳಗೆ ಒಂದು ಖಾಲಿ ಸಾಲು. ಮನೆಗೆ ಹೊರಡುವ ಅವಸರದಲ್ಲಿ ಕೀಲಿಯನ್ನು ಒಂದು ಸಲ ಹೆಚ್ಚಿಗೆ ಒತ್ತಿದ್ದಳು. ಸ್ಕ್ರಿಪ್ಟು ಸಾಲು ಸಾಲಾಗಿ ಓದುತ್ತ ಕಪಾಟಿನ ಹೆಸರಿಗೆ ಪೆಟ್ಟಿಗೆಯ ಹೆಸರನ್ನು ಸೇರಿಸಿ, ಅಷ್ಟನ್ನು ವರ್ಗಾಯಿಸುತ್ತದೆ. ಖಾಲಿ ಸಾಲಿನಲ್ಲಿ ಸೇರಿಸಲು ಪೆಟ್ಟಿಗೆಯಿಲ್ಲ. ಉಳಿದದ್ದು ಬರೀ ಕಪಾಟು. ಯಾವ ಕೋಣೆಯೆಂದು ಹೇಳದೆ ಬೀಗ ಹಾಕೆಂದರೆ ವಿಧೇಯನಾದ ಆಳು ಇಡೀ ಮನೆಗೆ ಹಾಕಿದಂತೆ, ಅದು ಇಡೀ ಕಪಾಟನ್ನು ವರ್ಗಾಯಿಸಿತ್ತು. ಆರು ಪೆಟ್ಟಿಗೆಗೂ ಸೇರಿಸಿ ಕೊನೆಯಲ್ಲಿ ಒಂದೇ ಸಾಲು ಬರೆಯುವುದು ಅದರ ಪದ್ಧತಿ. ಕೊನೆ ಬರುವಷ್ಟರಲ್ಲಿ ಬರೆಯುವ ಕೈ ಕಟ್ಟಿಹೋಗಿತ್ತು.

ಚೀಟಿ ಮೊದಲಿಟ್ಟಿದ್ದರೆ? ಕಪಾಟನ್ನು ಮುಟ್ಟುವ ಮುನ್ನ "ಇಡೀ ಕಪಾಟನ್ನು ವರ್ಗಾಯಿಸಲಿದ್ದೇನೆ" ಎಂಬ ಸಾಲು ದಾಖಲೆಯಲ್ಲಿರುತ್ತಿತ್ತು. ಐದು ನಿಮಿಷದಲ್ಲಿ ಎಲ್ಲ ತಿಳಿಯುತ್ತಿತ್ತು. ಎಲುಬಣ್ಣನ ಹೆಸರೇ ಬರುತ್ತಿರಲಿಲ್ಲ.

ಖಾಲಿ ಸಾಲನ್ನು ಅಳಿಸಲು ಒಂದು ಬೆರಳು ಸಾಕಿತ್ತು. ದಾಖಲೆಯನ್ನು ಅದರ ಖಾತೆಗೆ ಹಿಂದಿರುಗಿಸಿದರೆ 9:00:07 ಎಂಬ ಗುರುತೂ ಹೋಗುತ್ತಿತ್ತು. ಆಮೇಲೆ ಲೋಕದಲ್ಲಿ ಉಳಿಯುವುದು ಎಂಟು ಹತ್ತರ ಆ ಒಂದು ಸಾಲು ಮಾತ್ರ. ಈ ಮಾತನ್ನು ಹೇಳುವಾಗ ಬೀಗದಕ್ಕ ತನಗೆ ಆ ಯೋಚನೆ ಬರಲೇ ಇಲ್ಲವೆನ್ನಲಿಲ್ಲ. "ಬಂತು. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಇತ್ತು. ನೀರು ಕುಡಿದೆ," ಎಂದಳು. ಆಮೇಲೆ ಪರದೆಯ ಮೇಲಿದ್ದುದನ್ನೆಲ್ಲ, ಪಟ್ಟಿಯನ್ನೂ ಗುರುತನ್ನೂ, ಇದ್ದಂತೆ ಮುದ್ರಿಸಿದಳು. ಏನನ್ನೂ ಮುಟ್ಟಲಿಲ್ಲ.

ಗುರುವಾರ ವಿಚಾರಣೆಯ ಕೋಣೆಯಲ್ಲಿ ಅಧೀಕ್ಷಕರು, ಮೂಳೆ ವಿಭಾಗದ ಮುಖ್ಯ ವೈದ್ಯರು, ಗೋಡೆಗೆ ಅಂಟಿದ ಕುರ್ಚಿಯಲ್ಲಿ ಎಲುಬಣ್ಣ. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಹನ್ನೊಂದು ವರ್ಷದಲ್ಲಿ ಅವನನ್ನು ಇಸ್ತ್ರಿಯಲ್ಲಿ ಕಂಡದ್ದು ಅದೇ ಮೊದಲು. ಬೀಗದಕ್ಕನಿಗೆ ಎಲ್ಲಕ್ಕಿಂತ ಅದೇ ಚುಚ್ಚಿತು.

ಅವಳು ಹಾಳೆಗಳನ್ನು ಮೇಜಿನ ಮೇಲಿಟ್ಟಳು. ಅರ್ಧ ಗಂಟೆ ಬಿಡಿಸಿ ಹೇಳಿದಳು. ಅಧೀಕ್ಷಕರು ಖಾಲಿ ಸಾಲಿನ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಇಲ್ಲಿ ಏನೂ ಇಲ್ಲವಲ್ಲಮ್ಮಾ?"

"ಅದೇ ಸಾರ್ ತಪ್ಪು. ಏನೂ ಇಲ್ಲದ್ದನ್ನ ಸ್ಕ್ರಿಪ್ಟು ‘ಎಲ್ಲಾ’ ಅಂತ ಓದಿದೆ."

ಅವರು ಹಾಳೆಯನ್ನು ಮೇಜಿನ ಮೇಲಿಟ್ಟು, "ನೀವು ಹೇಳದೇ ಇದ್ದಿದ್ದರೆ ಇದು ಯಾರಿಗೂ ಗೊತ್ತಾಗ್ತಿರಲಿಲ್ಲ," ಎಂದರು.

"ಹೌದು ಸಾರ್. ಇವರ ಹೆಂಡತಿಗೂ ಗೊತ್ತಾಗ್ತಿರಲಿಲ್ಲ. ಗಂಡನೇ ತಪ್ಪು ಮಾಡಿದ್ದು ಅಂತ ನಂಬ್ತಿದ್ದರು."

ಎಲುಬಣ್ಣನ ಕಾಗದವನ್ನು ಅಲ್ಲೇ ಹಿಂದಕ್ಕೆ ಪಡೆದರು. ಬೀಗದಕ್ಕನ ಸೇವಾ ಪುಸ್ತಕದಲ್ಲಿ ಎಚ್ಚರಿಕೆಯ ಒಂದು ಸಾಲು ಸೇರಿತು. ಇಪ್ಪತ್ತಾರು ವರ್ಷದ ಪುಸ್ತಕದಲ್ಲಿ ಅಂಥ ಸಾಲು ಅದೊಂದೇ.

ಕಾರಿಡಾರಿನಲ್ಲಿ ಅವಳು ಎಲುಬಣ್ಣನ ಜೊತೆಜೊತೆಗೇ ನಡೆದಳು. "ತಪ್ಪಾಯಿತು ಕಣಪ್ಪಾ," ಎಂದಳು.

ಅವನು ಮೆಟ್ಟಿಲ ಬಳಿ ನಿಂತ. "ಖಾಲಿ ಸಾಲಿಗೆ ನನಗೆ ಸಿಟ್ಟಿಲ್ಲ ಅಕ್ಕಾ. ಅದು ಯಾರ ಕೈಯಲ್ಲಾದರೂ ಆಗುತ್ತೆ. ಎಂಟು ಹತ್ತಕ್ಕೆ ಏನು ಮಾಡ್ತಿದ್ದೆ ಅಂತ ನನ್ನನ್ನ ಕೇಳಬಹುದಿತ್ತು. ನಾನು ಎರಡು ಮಹಡಿ ಮೇಲೇ ಇದ್ದೆ. ನೀನು ಕಡತವನ್ನ ಕೇಳಿದೆ."

ಈ ಮಾತನ್ನು ಧ್ವನಿಮುದ್ರಣದಿಂದ ತೆಗೆಯಬೇಕೇ ಎಂದು ಸಂಗ್ರಹದವರು ಕೇಳಿದಾಗ ಅವಳು ಬೇಡವೆಂದಳು. ಎಲುಬಣ್ಣ ಎರಡು ತಿಂಗಳು ಅಳೆದು ತೂಗಿ ಮಾತಾಡಿದ. ಕಾಯಂ ಆದ ದಿನ ದಾಖಲೆಯಲ್ಲಿ ಅವನ ಹೆಸರಿನಲ್ಲೊಂದು ಕಾರಣ ಕಂಡಿತು: "ಬಲ ಭುಜ ಎಡಕ್ಕೆ ಹೋಗಿದೆ. ಸುಮ್ಮನೆ ಅಲ್ಲ, ಸುಮ್ಮನೆ ಅಲ್ಲ, ಸುಮ್ಮನೆ ಅಲ್ಲ." ಅದನ್ನು ಓದಿ ಅವಳು ಮೂಗು ಸೀಟಿಕೊಂಡಳು.

ಆದರೆ ಅದು ಆಮೇಲಿನ ಮಾತು. ಗುರುವಾರ ಮಧ್ಯಾಹ್ನ ಅವಳು ನೆಲಮಾಳಿಗೆಗೆ ಹೋಗಿ ಊಟಕ್ಕೂ ಏಳದೆ ಎರಡೂ ಸ್ಕ್ರಿಪ್ಟುಗಳನ್ನು ತಿದ್ದಿದಳು. ಇನ್ನು ಮುಂದೆ ಎರಡು ಸಾಲು: ಮುಟ್ಟುವ ಮುನ್ನ "ಬದಲಾಯಿಸಲಿದ್ದೇನೆ", ಮುಟ್ಟಿದ ಮೇಲೆ "ಬದಲಾಯಿಸಿದೆ". ಮೊದಲ ಸಾಲು ಬರೆಯಲಾಗದಿದ್ದರೆ ಅಲ್ಲೇ ನಿಂತು ಕೂಗಬೇಕು. ಗೊಣಗಾಟ ಕಸಕ್ಕೆ ಹೋಗಬಾರದು. ಹೆಸರಿಲ್ಲದ ಸಾಲನ್ನು ಓದದೆ ದಾಟಬೇಕು. ದಾಖಲೆ ಬೇರೆ ಯಂತ್ರದಲ್ಲಿರಬೇಕು. ಎಲ್ಲ ಮುಗಿದ ಮೇಲೆ ಹಳೆಯ ದಾಖಲೆಯನ್ನು ತೆರೆದು, ಎಂಟು ಹತ್ತರ ಸಾಲಿನ ಕೆಳಗೆ, ಕೈಯಾರೆ ಒಂದು ಸಾಲು ಸೇರಿಸಿದಳು. ಅದರ ಪ್ರತಿಯನ್ನು ಅವಳೇ ಸಂಗ್ರಹಕ್ಕೆ ಕೊಟ್ಟಿದ್ದಾಳೆ. ಅಡ್ಡಹೆಸರಿನಲ್ಲೇ ಸಹಿ ಮಾಡಿದ್ದಾಳೆ:

"ತಡವಾಗಿ ಬರೆದದ್ದು, 2019ರ ಮಾರ್ಚ್ 14, ಮಧ್ಯಾಹ್ನ 3:26. ನಡೆದದ್ದು, 2019ರ ಮಾರ್ಚ್ 12, ಬೆಳಿಗ್ಗೆ 9:00:07. ಮೂಳೆ ವಿಭಾಗದ ಇಡೀ ಕಪಾಟು, ಈ ದಾಖಲೆಯೂ ಸೇರಿ. ಹಿಂದಿನ ಮಾಲೀಕರು: ಚಿತ್ರಗಳಿಗೆ ಮೂಳೆ ವಿಭಾಗ, ದಾಖಲೆಗೆ ದಾಖಲೆ ಖಾತೆ. ಆಮೇಲಿನ ಮಾಲೀಕರು: ಹಳೆ ಖಾತೆ. ಬದಲಾಯಿಸಿದವರು: ಬೀಗದಕ್ಕ. ಕಾರಣ: ಪಟ್ಟಿಯ ಕೊನೆಯಲ್ಲಿ ನಾನು ಬಿಟ್ಟ ಖಾಲಿ ಸಾಲು."